ತಿರುಗುವ ಕಂಬಿಯಲ್ಲಿ ಕುರಿ ಪಕ್ಕೆಲುಬು: ಹೊರಗೆ ಕರಕಲು, ಒಳಗೆ ನಾರು. ಎಲ್ಲಿ ತಪ್ಪುತ್ತಿದ್ದೇನೆ?

ರಾಯಚೂರು_ಕೆಂಡ

ಎಲ್ಲರಿಗೂ ನಮಸ್ಕಾರ. ನಾನಿರುವುದು ರಾಯಚೂರಿನಲ್ಲಿ. ಮಾಳಿಗೆ ಮೇಲೆ ಒಂದು ರೋಟಿಸ್ಸರಿ ಗ್ರಿಲ್ ಇಟ್ಟುಕೊಂಡಿದ್ದೇನೆ. ಇದ್ದಿಲು ಹಾಕಲು ಉದ್ದನೆಯ ಕಬ್ಬಿಣದ ತೊಟ್ಟಿ, ಮೇಲೊಂದು ಕಂಬಿ, ಪಕ್ಕದಲ್ಲಿ ಕಂಬಿ ತಿರುಗಿಸುವ ಸಣ್ಣ ಮೋಟರ್. ಕೋಳಿ ಇದರಲ್ಲಿ ಬಹಳ ಚೆನ್ನಾಗಿ ಆಗುತ್ತದೆ. ಆದರೆ ಕುರಿಯ ಪಕ್ಕೆಲುಬು ಮೂರು ಸಲ ಹಾಕಿದೆ, ಮೂರು ಸಲವೂ ಕೆಟ್ಟಿತು.

ಮೊದಲ ಸಲ ಪೂರ್ತಿ ಪಕ್ಕೆಯನ್ನು ಚಾಪೆ ಸುತ್ತಿದ ಹಾಗೆ ಕಂಬಿಗೆ ಸುತ್ತಿ ತಂತಿ ಕಟ್ಟಿದ್ದೆ. ಅರ್ಧ ಗಂಟೆಗೆ ತಂತಿ ಸಡಿಲಾಯಿತು. ಕಂಬಿ ತಿರುಗುತ್ತಿದೆ, ಮಾಂಸ ನಿಂತಲ್ಲೇ ನಿಂತಿದೆ! ಕೆಳಗಿನ ಮಗ್ಗುಲು ಪೂರ್ತಿ ಕರಕಲು. ಎರಡನೆಯ ಸಲ ಕೊಬ್ಬು ಕೆಂಡದ ಮೇಲೆ ಬಿದ್ದು ಧಗ್ ಅಂತ ಉರಿ ಎದ್ದಿತು, ಮಸಾಲೆ ಎಲ್ಲ ಸುಟ್ಟು ಕಹಿಯಾಯಿತು. ಮೂರನೆಯ ಸಲ ಬೆಂಕಿ ಕಡಿಮೆ ಮಾಡಿ 50 ನಿಮಿಷ ತಿರುಗಿಸಿದೆ. ಬಣ್ಣ ಚೆನ್ನಾಗಿ ಬಂತು. ಅಪ್ಪನಿಗೆ ಪಕ್ಕೆಲುಬು ಅಂದರೆ ಪ್ರಾಣ, ಅವರಿಗಾಗಿಯೇ ಇಷ್ಟೆಲ್ಲ ಮಾಡುತ್ತಿರುವುದು. ಒಂದು ಎಲುಬು ಕೈಗೆ ತಗೊಂಡು ಬಹಳ ಹೊತ್ತು ಜಗಿದರು. ಆಮೇಲೆ ಏನೂ ಹೇಳದೆ ತಟ್ಟೆಯ ಅಂಚಿಗೆ ಇಟ್ಟರು. ನನಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅಂಗಡಿಯಿಂದ ತಂದು, ಮಸಾಲೆ ಹಚ್ಚಿ, ಹನ್ನೊಂದಕ್ಕೆ ಗ್ರಿಲ್‌ಗೆ ಹಾಕುತ್ತೇನೆ. ಕೆಂಡ ಸರಿಯಾಗಿ ಕಂಬಿಯ ಕೆಳಗೇ ಇರುತ್ತದೆ. ಎಲ್ಲಿ ತಪ್ಪಾಗುತ್ತಿದೆ ಹೇಳಿ.

ಕುಷ್ಟಗಿ_ಕುರಿದೊಡ್ಡಿ

ಬೆಂಕಿಯ ಮಾತು ಆಮೇಲೆ. ಮೊದಲು ಮಾಂಸದ ಮಾತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕುರಿ ಇವೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಕೊಯ್ದ ಕುರಿಯ ಮಾಂಸ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುತ್ತದೆ. ಆಮೇಲೆ ನಿಧಾನವಾಗಿ ಸಡಿಲಾಗುತ್ತದೆ. ನೀವು ಏಳಕ್ಕೆ ತಂದು ಹನ್ನೊಂದಕ್ಕೆ ಸುಡುತ್ತಿದ್ದೀರಿ, ಅಂದರೆ ಸೆಟೆದುಕೊಳ್ಳುವ ಹೊತ್ತಿನಲ್ಲೇ ಕೆಂಡದ ಮುಂದೆ ಇಡುತ್ತಿದ್ದೀರಿ. ಸಾರಿಗಾದರೆ ಕುಕ್ಕರ್‌ನಲ್ಲಿ ನಾಲ್ಕು ಸೀಟಿ ಜಾಸ್ತಿ ಹೊಡೆಸಿದರೆ ನಡೆಯುತ್ತದೆ. ಸುಡುವುದಕ್ಕೆ ನಡೆಯುವುದಿಲ್ಲ. ಶನಿವಾರ ತಂದು, ಉಪ್ಪು ಹಚ್ಚಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಒಂದು ದಿನ ಇಡಿ. ಫ್ರೀಜರ್‌ಗೆ ಮಾತ್ರ ಹಾಕಬೇಡಿ. ಬಿಸಿ ಆರದ ಮಾಂಸವನ್ನು ನೇರವಾಗಿ ಹಿಮದಲ್ಲಿಟ್ಟರೆ ನಾರು ಕುಗ್ಗಿ ಇನ್ನೂ ಗಟ್ಟಿಯಾಗುತ್ತದೆ.

ಎರಡನೆಯದು, ಯಾವ ಕುರಿ? ರಾಯಚೂರು, ಕೊಪ್ಪಳದ ಕಡೆ ಕೆಂಗುರಿ ಸಿಗುತ್ತದೆ. ಅದು ಮಾಂಸಕ್ಕೆಂದೇ ಸಾಕುವ ತಳಿ. ಬಳ್ಳಾರಿ ಕುರಿಗೆ ಉಣ್ಣೆ ಜಾಸ್ತಿ, ಅದೂ ಒಳ್ಳೆಯದೇ. ತಳಿಗಿಂತ ವಯಸ್ಸು ಮುಖ್ಯ. ಒಂದು ವರ್ಷದೊಳಗಿನದು ಕೇಳಿ. ಅಂಗಡಿಯಲ್ಲಿ ಎಲುಬು ನೋಡಿದರೆ ಗೊತ್ತಾಗುತ್ತದೆ. ಮರಿಯದು ಸಣ್ಣಗೆ, ಕತ್ತರಿಸಿದ ಕಡೆ ಕೆಂಪಗಿರುತ್ತದೆ. ಮುದಿ ಕುರಿಯದು ಅಗಲ, ಬೆಳ್ಳಗೆ. ಕೊಬ್ಬು ಕೂಡ ನೋಡಿ, ಬಿಳಿ ಇರಬೇಕು, ಹಳದಿ ಬೇಡ.

ನಮ್ಮ ಕುರಿಗಳು ದಿನವಿಡೀ ನಡೆದು ಮೇಯುವಂಥವು. ಪಕ್ಕೆಯ ಮೇಲೆ ಮಾಂಸ ತೆಳು, ಕೊಬ್ಬು ಕಡಿಮೆ. ಹಾಗಾಗಿ ವಿಡಿಯೋಗಳಲ್ಲಿ ಹೊರದೇಶದವರು ದಪ್ಪ ಹಂದಿ ಪಕ್ಕೆಗೆ ಕೊಡುವ ಲೆಕ್ಕ ಇಲ್ಲಿ ಹಾಗೇ ನಡೆಯುವುದಿಲ್ಲ.

ಬಳ್ಳಾರಿ_ವೆಲ್ಡಿಂಗ್

ಮಾಂಸದ ಮಾತು ದೊಡ್ಡಿಯವರು ಹೇಳಿಯಾಯಿತು. ಯಂತ್ರದ ಮಾತು ನಾನು ಹೇಳುತ್ತೇನೆ. ಇಂಥ ಗ್ರಿಲ್ ನಾನೇ ಆರು ಮಾಡಿ ಕೊಟ್ಟಿದ್ದೇನೆ.

ನಿಮ್ಮ ದೊಡ್ಡ ತಪ್ಪು ಕೆಂಡ ಇಟ್ಟ ಜಾಗ. ಕಂಬಿಯ ಕೆಳಗೆ ಕೆಂಡ ಇರಲೇಬಾರದು. ತೊಟ್ಟಿಯ ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು. ನಡುವೆ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಎರಡು ಲೋಟ ನೀರು. ಕೊಬ್ಬು ತಟ್ಟೆಗೆ ಬೀಳುತ್ತದೆ, ಉರಿ ಏಳುವುದಿಲ್ಲ. ಪಕ್ಕದಿಂದ ಬರುವ ಶಾಖಕ್ಕೆ ಮಾಂಸ ತಿರುಗುತ್ತಾ ತಿರುಗುತ್ತಾ ಬೇಯುತ್ತದೆ. ಕರಗಿದ ಕೊಬ್ಬು ಕೆಳಗೆ ಬೀಳುವ ಮೊದಲೇ ಆ ಮಗ್ಗುಲು ಮೇಲೆ ಬರುತ್ತದೆ, ಮೈಮೇಲೇ ಹರಿದಾಡುತ್ತದೆ. ತಿರುಗಿಸುವುದರ ಲಾಭವೇ ಅದು. ಶವರ್ಮಾ ಅಂಗಡಿ ನೋಡಿದ್ದೀರಲ್ಲ, ಅಲ್ಲೂ ಬೆಂಕಿ ಪಕ್ಕದಲ್ಲಿರುತ್ತದೆ, ಕೆಳಗಲ್ಲ.

ಇನ್ನು ಕಂಬಿಗೆ ಏರಿಸುವುದು. ಸುತ್ತಬೇಡಿ, ಪೋಣಿಸಿ. ದಬ್ಬಣದಿಂದ ಗೋಣಿಚೀಲದ ಬಾಯಿ ಹೊಲಿಯುತ್ತೇವಲ್ಲ, ಥೇಟ್ ಹಾಗೆ. ಪಕ್ಕೆಯನ್ನು ಮಣೆಯ ಮೇಲೆ ಹಾಸಿ. ಎರಡನೆಯ ಮತ್ತು ಮೂರನೆಯ ಎಲುಬಿನ ನಡುವೆ, ಅಗಲದ ಸರಿ ಮಧ್ಯದಲ್ಲಿ, ಚಾಕುವಿನ ತುದಿಯಿಂದ ಒಂದು ಬೆರಳಿನಷ್ಟು ಸೀಳು ಮಾಡಿ. ಮೇಲಿನಿಂದ ಕಂಬಿ ತೂರಿಸಿ. ಮೂರು ಎಲುಬು ಬಿಟ್ಟು ಇನ್ನೊಂದು ಸೀಳು, ಈ ಸಲ ಪಕ್ಕೆಯನ್ನು ಮಡಚಿ ಕೆಳಗಿನಿಂದ ತೂರಿಸಿ. ಮತ್ತೆ ಮೂರು ಬಿಟ್ಟು ಮೇಲಿನಿಂದ. ಕುರಿಗೆ ಒಂದು ಮಗ್ಗುಲಿಗೆ 13 ಎಲುಬು, ಹಾಗಾಗಿ ನಾಲ್ಕು ಕಡೆ ತೂರಿದರೆ ಮುಗಿಯಿತು. ಅಲೆ ಅಲೆಯಾಗಿ ನಿಲ್ಲುತ್ತದೆ. ಮಡಿಕೆಗಳನ್ನು ತೀರಾ ಒತ್ತಬೇಡಿ, ನಡುವೆ ಬೆರಳು ಆಡುವಷ್ಟು ಜಾಗ ಇರಲಿ. ಇಲ್ಲದಿದ್ದರೆ ಒಳಮಡಿಕೆಗೆ ಶಾಖ ತಾಗುವುದಿಲ್ಲ. ಎರಡೂ ತುದಿಗೆ ಮಾಂಸ ಕಚ್ಚಿ ಹಿಡಿಯುವ ಕಬ್ಬಿಣದ ಮುಳ್ಳು ಕೊಟ್ಟು ಸ್ಕ್ರೂ ಬಿಗಿ ಮಾಡಿ. ಆಮೇಲೆ ಹತ್ತಿಯ ದಪ್ಪ ದಾರ ನೀರಲ್ಲಿ ನೆನೆಸಿ ನಾಲ್ಕು ಕಡೆ ಕಟ್ಟಿ. ಬೇಯುತ್ತಾ ಮಾಂಸ ಕುಗ್ಗುತ್ತದೆ, ದಾರ ಇಲ್ಲದಿದ್ದರೆ ಮತ್ತೆ ಸಡಿಲಾಗುತ್ತದೆ.

ನಿಮ್ಮ ಕಂಬಿ ದುಂಡಗಿದ್ದರೆ ಬದಲಾಯಿಸಿ. ಚೌಕ ಕಂಬಿ ಬೇಕು, 8 ಮಿಲಿಮೀಟರ್ ಸಾಕು, ಸ್ಟೇನ್‌ಲೆಸ್ ಸ್ಟೀಲ್ 304. ದುಂಡು ಕಂಬಿಯಲ್ಲಿ ಮಾಂಸ ಜಾರುವುದು ಸಹಜ.

ಬೆಂಕಿ ಹಚ್ಚುವ ಮೊದಲು ತೂಕ ನೋಡಿ. ಕಂಬಿಯ ಎರಡೂ ತುದಿಯನ್ನು ಎರಡು ಕುರ್ಚಿಯ ಬೆನ್ನಿನ ಮೇಲೆ ಇಟ್ಟು ಕೈಬಿಡಿ. ಭಾರದ ಮಗ್ಗುಲು ತಾನೇ ಕೆಳಗೆ ಬರುತ್ತದೆ. ಬಂದರೆ ಮಾಂಸ ಸ್ವಲ್ಪ ಸರಿಸಿ ಮತ್ತೆ ಕಟ್ಟಿ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲಬೇಕು. ಭಾರ ಒಂದೇ ಕಡೆ ಇದ್ದರೆ ಮೋಟರ್ ಮೇಲೆ ಎತ್ತುವಾಗ ಹೆಣಗುತ್ತದೆ, ಇಳಿಯುವಾಗ ದಬ್ಬಕ್ಕನೆ ಇಳಿಯುತ್ತದೆ. ಗೇರಿನ ಹಲ್ಲು ಸವೆಯುವುದು ಇದರಿಂದಲೇ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಕೇಳಿ. ಕಟ್ಟಲು ಜಿಐ ತಂತಿ ಬಳಸಿದ್ದರೆ ಇವತ್ತೇ ಬಿಸಾಡಿ. ಅದಕ್ಕೆ ಸತುವಿನ ಲೇಪ ಇರುತ್ತದೆ. ಸತು 420 ಡಿಗ್ರಿಗೆ ಕರಗುತ್ತದೆ, ಕೆಂಡ ಅದಕ್ಕಿಂತ ಬಿಸಿ. ಸತುವಿನ ಹೊಗೆ ಕುಡಿದರೆ ಜ್ವರ, ಮೈಕೈ ನೋವು ಬರುತ್ತದೆ. ವೆಲ್ಡಿಂಗ್ ಮಾಡುವ ನಮ್ಮಂಥವರು ಅದನ್ನು ಅನುಭವಿಸಿದ್ದೇವೆ. ಅಡುಗೆಯ ಹತ್ತಿರ ಅದು ಬೇಡವೇ ಬೇಡ.

ರಾಯಚೂರು_ಕೆಂಡ

ಅಯ್ಯೋ, ಜಿಐ ತಂತಿಯೇ ಬಳಸಿದ್ದೆ. ಈಗಲೇ ತೆಗೆದುಹಾಕುತ್ತೇನೆ. ಕಂಬಿಯೂ ದುಂಡಗಿದೆ. ಕೆಂಡ ಎರಡು ಕಡೆ ಇಟ್ಟರೆ ಬೇಯಲು ಎಷ್ಟು ಹೊತ್ತು ಬೇಕು?

ಗಂಗಾವತಿ_ಅಡುಗೆಮನೆ

ಎರಡು ಗಂಟೆ ಇಟ್ಟುಕೊಳ್ಳಿ. ನಿಮ್ಮ ಮೂರನೆಯ ಸಲದ 50 ನಿಮಿಷದ ಮಾಂಸ ಬೆಂದಿತ್ತು, ಆದರೆ ಕರಗಿರಲಿಲ್ಲ. ಎರಡೂ ಬೇರೆ ಬೇರೆ.

ಕಾಲು ಸೂಪು ಕುಡಿದರೆ ತುಟಿಗೆ ಅಂಟಂಟು ಅನಿಸುತ್ತದಲ್ಲ? ಆ ಅಂಟು ಮೊದಲು ಗಟ್ಟಿ ನಾರಾಗಿ ಇದ್ದದ್ದು. ಪಕ್ಕೆಲುಬಿನ ನಡುವೆಯೂ ಅದೇ ನಾರು ತುಂಬಿರುತ್ತದೆ. ಮಾಂಸದ ಒಳಗೆ 65–70 ಡಿಗ್ರಿ ಆದರೆ ತಿನ್ನಲು ಬೆಂದಿದೆ ಅಂತ ಅರ್ಥ, ಆದರೆ ಆ ಹೊತ್ತಿಗೆ ನಾರು ಬಿಗಿದುಕೊಂಡಿರುತ್ತದೆ. ಅಲ್ಲಿಂದ ಮುಂದೆ ನಿಧಾನವಾಗಿ ಕರಗಲು ಶುರು. ಒಳಗೆ 90 ಡಿಗ್ರಿ ಮುಟ್ಟುವ ಹೊತ್ತಿಗೆ ಬೆಣ್ಣೆ. ನೀವು ಸರಿಯಾಗಿ ಕೆಟ್ಟ ಹಂತದಲ್ಲಿ ಇಳಿಸಿದ್ದೀರಿ. ಗಟ್ಟಿ ಆಯಿತು ಅಂತ ಹೆದರಿ ಇಳಿಸುವವರೇ ಜಾಸ್ತಿ, ನಿಜಕ್ಕೂ ಆಗ ಇನ್ನೊಂದು ಗಂಟೆ ಬಿಡಬೇಕು.

ಮಾಂಸದ ಸುತ್ತ ಶಾಖ 140–150 ಡಿಗ್ರಿ ಸಾಕು. ಅಡುಗೆ ಥರ್ಮಾಮೀಟರ್ ಒಂದು ತಗೊಳ್ಳಿ, ದುಬಾರಿಯದೇನೂ ಬೇಡ. ಇಲ್ಲದಿದ್ದರೆ ಕಂಬಿಯ ಮಟ್ಟಕ್ಕೆ ಅಂಗೈ ಹಿಡಿದು ಸಮಾಧಾನವಾಗಿ ಎಂಟು ಎಣಿಸಿ. ಎಂಟರ ಹೊತ್ತಿಗೆ ಕೈ ತೆಗೆಯಲೇಬೇಕು ಅನಿಸಿದರೆ ಸರಿ. ನಾಲ್ಕಕ್ಕೇ ತೆಗೆದರೆ ಬೆಂಕಿ ಜಾಸ್ತಿ. ಬೆಂದ ಗುರುತು ಕಣ್ಣಿಗೂ ಕಾಣುತ್ತದೆ. ಮಾಂಸ ಹಿಂದೆ ಸರಿದು ಎಲುಬಿನ ತುದಿ ಅರ್ಧ ಬೆರಳಿನಷ್ಟು ಹೊರಗೆ ಬರುತ್ತದೆ. ಎಲುಬು ಹಿಡಿದು ತಿರುವಿದರೆ ಒಳಗೆ ಸಡಿಲ ಅನಿಸುತ್ತದೆ.

ಒಳಮಗ್ಗುಲಿನ ಬಿಳಿ ಪೊರೆ ತೆಗೆಯುತ್ತಿದ್ದೀರಾ? ಅದು ಕರಗುವುದಿಲ್ಲ, ಪ್ಲಾಸ್ಟಿಕ್ ಹಾಳೆಯ ಹಾಗೆ ಉಳಿಯುತ್ತದೆ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ಚಮಚದ ಹಿಡಿಕೆಯನ್ನು ಕೊನೆಯ ಎಲುಬಿನ ಮೇಲೆ ಪೊರೆಯ ಕೆಳಗೆ ತೂರಿಸಿ ಎತ್ತಿ. ಜಾರುತ್ತದೆ, ಹಾಗಾಗಿ ಒಣ ಬಟ್ಟೆಯಿಂದ ಹಿಡಿದು ಎಳೆಯಿರಿ. ಮರಿಯ ಪೊರೆ ಬಹಳ ತೆಳು, ತುಂಡು ತುಂಡಾಗಿ ಬರುತ್ತದೆ. ಪೂರ್ತಿ ಬರಲಿಲ್ಲ ಅಂದರೆ ಚಾಕುವಿನಿಂದ ಗೀರು ಹಾಕಿ ಬಿಡಿ.

ನನಗೆ ಇನ್ನೂ ಸುಲಭದ ದಾರಿ ಗೊತ್ತು. ಪಕ್ಕೆಯನ್ನು ಮೊದಲು ಇಡ್ಲಿ ಪಾತ್ರೆಯಲ್ಲಿ 40 ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಕಂಬಿಗೆ ಹಾಕಿ 35–40 ನಿಮಿಷ ತಿರುಗಿಸಿ. ವಯಸ್ಸಾದವರಿಗೆ ಇದು ಖಂಡಿತ ಮೆತ್ತಗೆ ಆಗುತ್ತದೆ.

ಕುಷ್ಟಗಿ_ಕುರಿದೊಡ್ಡಿ

ಹಬೆಯ ಮಾತು ನಾನು ಒಪ್ಪುವುದಿಲ್ಲ ಅಕ್ಕಾ. ಮಾಂಸದ ರಸ ಎಲ್ಲ ಪಾತ್ರೆಯ ತಳಕ್ಕೆ ಇಳಿಯುತ್ತದೆ. ಆಮೇಲೆ ಕೆಂಡದ ಹೊಗೆ ಹಿಡಿಯುವುದೂ ಕಡಿಮೆ. ಹಸಿ ಮೈಗೆ ಹೊಗೆ ಹತ್ತುವ ಹಾಗೆ ಬೆಂದ ಮೈಗೆ ಹತ್ತುವುದಿಲ್ಲ.

ಗಂಗಾವತಿ_ಅಡುಗೆಮನೆ

ತಳಕ್ಕೆ ಇಳಿದ ರಸ ಚೆಲ್ಲಲು ನಾನು ಹೇಳಲಿಲ್ಲವಲ್ಲ. ಅದಕ್ಕೆ ಹುರಿದ ಕೊಬ್ಬರಿ, ಕೊತ್ತಂಬರಿ ಬೀಜ ರುಬ್ಬಿ ಹಾಕಿದರೆ ಅದೇ ಮಧ್ಯಾಹ್ನದ ಸಾರು. ಆದರೆ ಹೊಗೆಯ ವಿಷಯ ನೀವು ಹೇಳಿದ್ದು ನಿಜ, ಒಪ್ಪುತ್ತೇನೆ. ರುಚಿಗೆ ನಿಮ್ಮ ದಾರಿ ಮೇಲು. ನಮ್ಮ ಅತ್ತೆಗೆ ಹಲ್ಲಿಲ್ಲ, ಅವರಿಗೆ ನನ್ನ ದಾರಿಯೇ ಮೇಲು. ಇವರ ಅಪ್ಪನ ಹಲ್ಲು ಹೇಗಿವೆ ನೋಡಿಕೊಂಡು ತೀರ್ಮಾನ ಮಾಡಲಿ.

ಬಳ್ಳಾರಿ_ವೆಲ್ಡಿಂಗ್

ಹಬೆಯಲ್ಲಿ ಬೇಯಿಸುವುದಾದರೆ ಕಂಬಿಗೆ ಪೋಣಿಸುವ ಸೀಳುಗಳನ್ನು ಮೊದಲೇ ಮಾಡಿಕೊಳ್ಳಿ. ಬೆಂದ ಮೇಲೆ ಚಾಕು ಹಾಕಿದರೆ ಮಾಂಸ ಹರಿದು ಕೈಗೆ ಬರುತ್ತದೆ.

ಸಿರುಗುಪ್ಪದ_ಸೊಸೆ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಬಾಡಿಗೆ ಮನೆ, ಕೆಂಡ ಹಾಕಲು ಜಾಗ ಇಲ್ಲ. ಆದರೆ ಮನೆಯಲ್ಲಿ ಒಟಿಜಿ (ಕರೆಂಟಿನ ಸಣ್ಣ ಓವನ್) ಇದೆ, ಅದರಲ್ಲಿ ತಿರುಗುವ ಕಂಬಿಯೂ ಇದೆ. ಇದುವರೆಗೆ ಕೇಕ್ ಬಿಟ್ಟು ಬೇರೇನೂ ಮಾಡಿಲ್ಲ. ಅದರಲ್ಲಿ ಆಗುತ್ತದಾ? ಬಾಲ್ಕನಿಯಲ್ಲಿ ಸಣ್ಣ ಇದ್ದಿಲ ಒಲೆ ಇಡಬಹುದಾ?

ಗಂಗಾವತಿ_ಅಡುಗೆಮನೆ

ಒಟಿಜಿಯಲ್ಲಿ ಧಾರಾಳವಾಗಿ ಆಗುತ್ತದೆ. ಪೂರ್ತಿ ಪಕ್ಕೆ ಹಿಡಿಸುವುದಿಲ್ಲ, ಆರೇಳು ಎಲುಬಿನ ತುಂಡು ತಗೊಳ್ಳಿ. ಪೋಣಿಸಿದ ಮೇಲೆ ಕೈಯಿಂದ ಒಂದು ಸುತ್ತು ತಿರುಗಿಸಿ, ಮೇಲಿನ ಕಾಯಿಲ್‌ಗೆ ಮಾಂಸ ತಾಗಬಾರದು. ಕೆಳಗೆ ತಟ್ಟೆಯಲ್ಲಿ ನೀರು. 150 ಡಿಗ್ರಿಗೆ ಒಂದೂವರೆ ಗಂಟೆ, ಕೊನೆಯ ಹತ್ತು ನಿಮಿಷ 200. ಹೊಗೆಯ ವಾಸನೆ ಬೇಕಿದ್ದರೆ ಕೊನೆಗೆ ಪಾತ್ರೆಯಲ್ಲಿ ಮಾಂಸ ಇಟ್ಟು, ನಡುವೆ ಬಟ್ಟಲಲ್ಲಿ ಒಂದು ಕೆಂಡ ಇಟ್ಟು, ಅದರ ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿ.

ಇದ್ದಿಲ ಒಲೆ ಮಾತ್ರ ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಬೇಡ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವಕ್ಕೇ ಅಪಾಯ.

ಬಳ್ಳಾರಿ_ವೆಲ್ಡಿಂಗ್

ಮಾಳಿಗೆ ಮೇಲೆ ಇಡುವವರಿಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲೋ ಕಡಪ ಕಲ್ಲೋ ಇರುತ್ತದೆ. ಅದರ ಮೇಲೆ ಕೆಂಡ ಬಿದ್ದರೆ, ತೊಟ್ಟಿಯ ತಳ ತಾಗಿದರೆ, ಕಲ್ಲು ಪದರು ಬಿಟ್ಟು ಸಿಡಿಯುತ್ತದೆ. ಚೂರು ಕಣ್ಣಿಗೆ ಹಾರಬಹುದು. ತೊಟ್ಟಿಗೆ ಕಾಲು ಇರಲಿ, ಕೆಳಗೆ ಎರಡು ಅಂಗುಲ ಮರಳು ಹಾಸಿ. ಒಂದು ಬಕೆಟ್ ನೀರು ಕೈಗೆ ಸಿಗುವ ಹಾಗಿರಲಿ.

ಸಂಡೂರು_ಗುಡ್ಡ

ಇಷ್ಟು ಮಾತಾಡಿದಿರಿ, ಇದ್ದಿಲು ಯಾವುದು ಅಂತ ಯಾರೂ ಕೇಳಲೇ ಇಲ್ಲ! ನನಗೆ ಅದೇ ಮುಖ್ಯ.

ನಮ್ಮ ಸುತ್ತ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ರೈಲು ಹಳಿಯ ಪಕ್ಕ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ರೈತರು ಬೈಯುವ ಮರ ಅದು, ಬೈಯುವುದರಲ್ಲೂ ಅರ್ಥವಿದೆ, ಒಮ್ಮೆ ಹೊಲ ಹೊಕ್ಕರೆ ಬಿಡುವುದಿಲ್ಲ. ಹೆಸರು ಬಳ್ಳಾರಿಯದಾದರೂ ಮೂಲ ಅಮೆರಿಕ ಖಂಡದ್ದು, 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಅಮೆರಿಕದ ಟೆಕ್ಸಾಸ್ ಕಡೆ ಮಾಂಸ ಸುಡಲು ಮೆಸ್ಕೀಟ್ ಅನ್ನುವ ಕಟ್ಟಿಗೆಯನ್ನು ಆಸೆಪಟ್ಟು ಬಳಸುತ್ತಾರೆ. ಆ ಮೆಸ್ಕೀಟ್ ನಮ್ಮ ಜಾಲಿಯ ಹತ್ತಿರದ ಬಳಗ. ಅಲ್ಲಿ ದುಡ್ಡು ಕೊಟ್ಟು ಚೀಲದಲ್ಲಿ ತರುವಂಥದ್ದು ನಮ್ಮ ಬದುವಿನಲ್ಲಿ ಮುಳ್ಳು ಬಿಟ್ಟುಕೊಂಡು ನಿಂತಿದೆ. ನನಗೆ ಇದು ಗೊತ್ತಾದ ದಿನದಿಂದ ಆ ಮರವನ್ನು ನೋಡುವ ರೀತಿಯೇ ಬದಲಾಗಿದೆ.

ಜಾಲಿ ಇದ್ದಿಲು ಗಟ್ಟಿ, ಬಹಳ ಹೊತ್ತು ಕಾಯುತ್ತದೆ. ಶುರುವಿನಲ್ಲಿ ಚಟಪಟ ಸಿಡಿಯುತ್ತದೆ, ಹಾಗಾಗಿ ಹೊತ್ತಿಸಿ 20–25 ನಿಮಿಷ ಬಿಡಿ. ಮೇಲೆ ಬೂದಿಯ ತೆಳು ಪದರ ಬರಲಿ. ಆಮೇಲೆ ಮಾಂಸ. ಹಸಿ ಕಟ್ಟಿಗೆ ಹಾಕಬೇಡಿ, ಹೊಗೆ ಕಹಿ. ಚೆನ್ನಾಗಿ ಒಣಗಿದ ಜಾಲಿ ತುಂಡು, ಅಂಗೈ ಅಗಲದ್ದು, ಒಂದೇ ಒಂದು ಮೊದಲ ಅರ್ಧ ಗಂಟೆಯಲ್ಲಿ ಕೆಂಡದ ಮೇಲೆ ಇಟ್ಟರೆ ಸಾಕು. ಅದರ ಹೊಗೆ ಜೋರು, ಎರಡು ಮೂರು ಇಟ್ಟರೆ ಮಾಂಸ ಔಷಧಿ ವಾಸನೆ ಹೊಡೆಯುತ್ತದೆ. ಸೀಮೆಎಣ್ಣೆ ಹಾಕಿ ಹೊತ್ತಿಸಬೇಡಿ. ಒಣ ತೆಂಗಿನ ನಾರು, ಜೋಳದ ದಂಟು ಸಾಕು.

ರಾಯಚೂರು_ಕೆಂಡ

ಎಲ್ಲ ಬರೆದುಕೊಂಡೆ. ಮಸಾಲೆಗೆ ಏನು ಹಾಕುತ್ತೀರಿ? ನಾನು ಬೆಲ್ಲ ಹಾಕಿ ಹಚ್ಚುತ್ತಿದ್ದೆ, ಅದೇ ಮೊದಲು ಕಪ್ಪಾಗುತ್ತಿತ್ತು.

ಗಂಗಾವತಿ_ಅಡುಗೆಮನೆ

ಬೆಲ್ಲ ಕೊನೆಯ 15 ನಿಮಿಷಕ್ಕೆ ಮಾತ್ರ. ಸಕ್ಕರೆ ಅಂಶ ಇರುವುದು ಯಾವುದೂ ಎರಡು ಗಂಟೆ ತಡೆಯುವುದಿಲ್ಲ.

ಒಂದು ಕೆಜಿ ಪಕ್ಕೆಗೆ ನನ್ನ ಲೆಕ್ಕ ಇದು. ಹಿಂದಿನ ದಿನ ಎರಡು ಸಣ್ಣ ಚಮಚ ಪುಡಿ ಉಪ್ಪು, ಅಂದರೆ ಸುಮಾರು 12 ಗ್ರಾಂ, ಬೇರೇನೂ ಬೇಡ. ಮರುದಿನ ಬೆಳಿಗ್ಗೆ ಬೆಳ್ಳುಳ್ಳಿ ಒಂದು ಗಡ್ಡೆ, ಶುಂಠಿ ಹೆಬ್ಬೆರಳಿನಷ್ಟು, ಹುರಿದ ಕೊತ್ತಂಬರಿ ಬೀಜ ಎರಡು ಚಮಚ, ಕರಿಮೆಣಸು ಒಂದು ಚಮಚ, ಬ್ಯಾಡಗಿ ಖಾರ ಎರಡು ಚಮಚ, ಗುಂಟೂರು ಖಾರ ಅರ್ಧ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಎಲ್ಲ ಶೇಂಗಾ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ನಮ್ಮ ಕುರಿಗೆ ಕೊಬ್ಬು ಕಡಿಮೆ ಅಂತ ದೊಡ್ಡಿಯವರು ಹೇಳಿದರಲ್ಲ, ಅದಕ್ಕೆ ಅರ್ಧ ಗಂಟೆಗೊಮ್ಮೆ ಈರುಳ್ಳಿ ತುಂಡನ್ನು ಕಡ್ಡಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ಸವರಿ.

ಹಸಿ ಪಪ್ಪಾಯಿ ಹಾಕಬಹುದು, ಆದರೆ ಒಂದು ದೊಡ್ಡ ಚಮಚಕ್ಕಿಂತ ಜಾಸ್ತಿ ಬೇಡ, ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಮೀರಿದರೆ ಮೇಲ್ಮೈ ಹಿಟ್ಟಿನ ಹಾಗೆ ಆಗುತ್ತದೆ. ಮರಿ ಸಿಕ್ಕರೆ ಪಪ್ಪಾಯಿಯೇ ಬೇಡ.

ಕೊನೆಗೆ ಹಚ್ಚಲು: ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಅಷ್ಟೇ ಬೆಲ್ಲ, ಚಿಟಿಕೆ ಉಪ್ಪು, ಸ್ವಲ್ಪ ಜಜ್ಜಿದ ಜೀರಿಗೆ. ಸಣ್ಣ ಉರಿಯಲ್ಲಿ ಎಳೆ ಬರುವಷ್ಟು ಕುದಿಸಿ.

ರಾಯಚೂರು_ಕೆಂಡ

ಎರಡು ವಾರ ಆಯಿತು, ನಿನ್ನೆ ನಾಲ್ಕನೆಯ ಸಲ ಮಾಡಿದೆ. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಶುಕ್ರವಾರವೇ ಅಂಗಡಿಗೆ ಹೋಗಿ ಹೇಳಿ ಬಂದೆ: ಒಂದು ಮಗ್ಗುಲಿನ ಪಕ್ಕೆ ಪೂರ್ತಿ ಬೇಕು, ಕಡಿಯಬೇಡಿ, ಸೀನಾ (ಎದೆಯ ಭಾಗ) ಕೂಡ ಜೊತೆಗೇ ಇರಲಿ. ಶನಿವಾರ ಬೆಳಿಗ್ಗೆ ಸಿಕ್ಕಿತು, 1 ಕೆಜಿ 100 ಗ್ರಾಂ. ಪೊರೆ ಮೂರು ತುಂಡಾಗಿ ಬಂತು. ಉಪ್ಪು ಹಚ್ಚಿ ಫ್ರಿಜ್ಜಿಗೆ. ಭಾನುವಾರ ಬಿಸಿಲು ತಡೆಯಲಾಗದೆ ಸಂಜೆ ಐದಕ್ಕೆ ಶುರು ಮಾಡಿದೆ. ಹೊಸ ಚೌಕ ಕಂಬಿಗೆ ಪೋಣಿಸಿ ಕುರ್ಚಿ ಮೇಲೆ ಇಟ್ಟರೆ ಸೀನಾದ ಕಡೆ ಭಾರ, ಗಿರ್ ಅಂತ ತಿರುಗಿ ಕೆಳಗೆ ಬಂತು. ಎರಡು ಸಲ ಬಿಚ್ಚಿ ಕಟ್ಟಿದ ಮೇಲೆ ನಿಂತಿತು.

ಮೊದಲ ಗಂಟೆ ಏನೂ ಆಗುತ್ತಿಲ್ಲ ಅನಿಸಿತು. ಕೈ ತುರಿಸುತ್ತಿತ್ತು, ಕೆಂಡ ನಡುವೆ ಎಳೆಯೋಣ ಅಂತ. ಎಳೆಯಲಿಲ್ಲ. ಒಂದು ಗಂಟೆ ಹತ್ತು ನಿಮಿಷಕ್ಕೆ ಒಳಗೆ 74 ಡಿಗ್ರಿ. ಹಿಂದಿನ ಸಲ ಇಲ್ಲೇ ಇಳಿಸಿದ್ದೆ ಅಂತ ಆಗ ಅರ್ಥವಾಯಿತು. ಮೈಮೇಲೆ ಕೊಬ್ಬು ಸಣ್ಣ ಸಣ್ಣ ಮಣಿಯ ಹಾಗೆ ಎದ್ದು, ತಿರುಗಿದ ಹಾಗೆ ಒಂದು ಮಡಿಕೆಯಿಂದ ಇನ್ನೊಂದಕ್ಕೆ ಜಾರುತ್ತಿತ್ತು. ಎರಡು ಗಂಟೆಗೆ 88. ಹುಣಸೆ ಬೆಲ್ಲ ಹಚ್ಚಿದೆ. ಹತ್ತು ನಿಮಿಷಕ್ಕೆ ಎಲುಬಿನ ತುದಿ ಹೊರಗೆ ಬಂದಿತ್ತು, 91. ಇಳಿಸಿ ಹದಿನೈದು ನಿಮಿಷ ಮುಚ್ಚಿಟ್ಟೆ.

ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಈರುಳ್ಳಿ. ಅಪ್ಪ ಮೊದಲ ಎಲುಬು ತಗೊಂಡು ಸ್ವಲ್ಪ ತಿರುವಿದರು, ಮಾಂಸ ಬಿಟ್ಟುಕೊಂಡು ಬಂತು. ಎಲುಬನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಐದು ತಿಂದರು. ಕರಕರ ಅನ್ನುವ ಸೀನಾದ ಮೆದು ಎಲುಬನ್ನೂ ಬಿಡಲಿಲ್ಲ.

ಒಂದು ತೊಂದರೆ ಆಯಿತು. ನಡುವೆ ಕರೆಂಟ್ ಹೋಗಿ 20 ನಿಮಿಷ ಕೈಯಿಂದಲೇ ತಿರುಗಿಸಬೇಕಾಯಿತು. ವೆಲ್ಡಿಂಗ್ ಅಣ್ಣಾ, ಹಳೆ ಕಾರಿನ ವೈಪರ್ ಮೋಟರ್ ಇದೆ, ಬ್ಯಾಟರಿಗೆ ಹಾಕಿ ಇದನ್ನು ತಿರುಗಿಸಬಹುದಾ?

ಬಳ್ಳಾರಿ_ವೆಲ್ಡಿಂಗ್

ಓದಿ ಬಹಳ ಖುಷಿಯಾಯಿತು. ವೈಪರ್ ಮೋಟರ್ ಆಗುತ್ತದೆ, 12 ವೋಲ್ಟ್, ಬಲವೂ ಬೇಕಾದಷ್ಟಿದೆ. ಆದರೆ ನೇರವಾಗಿ ಹಾಕಬೇಡಿ, ನಿಧಾನದ ವೇಗದಲ್ಲೂ ನಿಮಿಷಕ್ಕೆ 40 ಸುತ್ತಿನ ಆಸುಪಾಸು ತಿರುಗುತ್ತದೆ. ನಿಮಗೆ ಬೇಕಿರುವುದು ಮೂರರಿಂದ ಆರು. ಸೈಕಲ್‌ನ ಚೈನ್ ಚಕ್ರ ತಗೊಳ್ಳಿ. ಮೋಟರ್ ಕಡೆ ಹಿಂಚಕ್ರದ ಸಣ್ಣದು, ಕಂಬಿಯ ಕಡೆ ಪೆಡಲ್‌ನ ದೊಡ್ಡದು. 16 ಹಲ್ಲು, 48 ಹಲ್ಲು ಇದ್ದರೆ ವೇಗ ಮೂರನೇ ಒಂದು ಆಗುತ್ತದೆ. ಉಳಿದದ್ದಕ್ಕೆ ಒಂದು ಸ್ಪೀಡ್ ಕಂಟ್ರೋಲರ್, 10 ಆಂಪಿಯರ್‌ನದ್ದು. ಮೋಟರ್‌ಗೂ ತೊಟ್ಟಿಗೂ ನಡುವೆ ಒಂದು ತಗಡು ಅಡ್ಡ ಕೊಡಿ, ಶಾಖಕ್ಕೆ ಒಳಗಿನ ಗ್ರೀಸ್ ಕರಗುತ್ತದೆ. ಕಂಬಿಯ ತುದಿಯಿಂದ ಮೋಟರ್ ಎಷ್ಟು ದೂರ ಇಡಬಹುದು ಅಂತ ಅಳೆದು ಹೇಳಿ, ಬ್ರಾಕೆಟ್‌ನ ಅಳತೆ ಬರೆದು ಹಾಕುತ್ತೇನೆ.

ರಾಯಚೂರು_ಕೆಂಡ

ಅಳೆದೆ. ತೊಟ್ಟಿಯ ಅಂಚಿನಿಂದ ಒಂದು ಅಡಿ ನಾಲ್ಕು ಅಂಗುಲ ಜಾಗ ಇದೆ. ಸೈಕಲ್ ಚಕ್ರ ನಾಳೆ ಗುಜರಿಯಲ್ಲಿ ಹುಡುಕುತ್ತೇನೆ.